ತಾಮ್ರವಿಲ್ಲದ ಎರಡನೇ ನಂಬರ್ ಎಂಜಿನ್

ಎಂಜಿನ್ನಿಗೆ ಕೊಟ್ಟದ್ದು ಎಪ್ಪತ್ತೆಂಟು ಸಾವಿರ. ಹೊತ್ತು ತರುವುದಕ್ಕೆ ಲಾರಿ, ಚೈನ್ ಪುಲ್ಲಿ, ಕೂಲಿ ಸೇರಿ ಒಂಬತ್ತು ಸಾವಿರ. ಆಮೇಲೆ ಅದಕ್ಕೆ ಜೀವ ಬರಿಸುವುದಕ್ಕೆ ನಲವತ್ತನಾಲ್ಕು. ಒಟ್ಟು ಒಂದು ಲಕ್ಷದ ಮೂವತ್ತೊಂದು ಸಾವಿರ, ಅದೂ ತೊಂಬತ್ತೇಳು ತೊಂಬತ್ತೆಂಟರ ದುಡ್ಡು. ಎಂಟು ಟನ್ ತೂಗುವ, ಒಂಬತ್ತು ವರ್ಷ ಬೆಂಕಿ ಕಾಣದೆ ನಿಂತಿದ್ದ ಪುಟ್ಟ ಉಗಿ ಎಂಜಿನ್ನಿಗೆ ಕುಂಬಾರಕೊಪ್ಪಲಿನ ಗುಜರಿಯವನಾದ ನಾನು ಇಷ್ಟು ಯಾಕೆ ಸುರಿದೆ ಎಂದು ಆಗ ಬಹಳ ಜನ ಕೇಳಿದರು. ಉತ್ತರ ಒಂದೇ: ತಾಮ್ರ.

ಸಣ್ಣ ಉಗಿ ಎಂಜಿನ್ನಿನ ಸೌದೆ ಉರಿಯುವ ಒಲೆ ಬಾಯ್ಲರಿನ ಹಿಂಭಾಗದಲ್ಲಿ ಇರುತ್ತದೆ. ಹಳೇ ಕಾಲದವರು ಆ ಒಲೆಯ ಗೋಡೆಯನ್ನು ದಪ್ಪ ತಾಮ್ರದ ತಗಡಿನಲ್ಲಿ ಮಾಡುತ್ತಿದ್ದರು. ಮಿಕ್ಕ ಮೈಯೆಲ್ಲ ಕಬ್ಬಿಣದ ರೇಟಿಗೆ ಹೋದರೂ ಒಲೆಯೊಂದೇ ಅರ್ಧ ಬಂಡವಾಳ ಎತ್ತಿಕೊಡುತ್ತದೆ. ಎರಡು ತಿಂಗಳಲ್ಲಿ ಕುಯ್ದು ಮಾರಿದರೆ ಹದಿನೈದು ಸಾವಿರ ಉಳಿಯುತ್ತದೆ ಎಂದು ನನ್ನ ಅಂದಾಜು. ಆ ಹದಿನೈದು ನನಗೆ ಬೇಕಿತ್ತು. ನನ್ನ ಅಂಗಡಿ ಇದ್ದ ಜಾಗ ಬಾಡಿಗೆಯದು. ಅದರ ಮಾಲೀಕರು ಸರಸ್ವತಿಪುರಂನ ಒಬ್ಬ ನಿವೃತ್ತ ಮೇಷ್ಟ್ರು. ಜಾಗ ಮಾರುತ್ತೇನೆ, ಯುಗಾದಿಯೊಳಗೆ ಬರೆಸಿಕೊಂಡರೆ ನಿಮಗೆ, ಇಲ್ಲದಿದ್ದರೆ ಕೇಳುವವರು ಬೇರೆ ಇದ್ದಾರೆ ಎಂದಿದ್ದರು. ಜಾಗಕ್ಕೆಂದು ಕೂಡಿಟ್ಟ ದುಡ್ಡನ್ನೇ ತೆಗೆದು ಎಂಜಿನ್ನಿಗೆ ಹಾಕಿದೆ. ಕ್ರಯಪತ್ರದ ಖರ್ಚು ಎಂಜಿನ್ನೇ ದುಡಿದು ಕೊಡುತ್ತದೆ ಎಂದು ಹೆಂಡತಿಗೆ ಹೇಳಿದ್ದೆ.

ಎಂಜಿನ್ನು ಮೈಸೂರಿನ ಹೊರವಲಯದ ಒಂದು ಹೆಂಚಿನ ಕಾರ್ಖಾನೆಯದು. ಕಾರ್ಖಾನೆಗೆ ತನ್ನದೇ ರೈಲಿತ್ತು. ಕೆರೆಯಂಗಳದಿಂದ ಜೇಡಿಮಣ್ಣು ತುಂಬಿಕೊಂಡು ಹೆಂಚಿನ ಗೂಡಿಗೆ ತಂದು ಸುರಿಯುವುದು ಅದರ ಕೆಲಸ. ಎರಡೇ ಅಡಿ ಅಗಲದ ಹಳಿ, ಐದು ಮೈಲಿ ದಾರಿ, ಮೂರು ಎಂಜಿನ್, ಮೂವರು ಡ್ರೈವರು. ಊರಿನವರು ಅದನ್ನು ಮಣ್ಣುರೈಲು ಎನ್ನುತ್ತಿದ್ದರು. ಟಿಕೀಟೆಂಬುದು ಇರಲಿಲ್ಲ. ಒಂದು ಕೊರಡು ಸೌದೆ ತಂದು ಎಂಜಿನ್ನಿಗೆ ಹಾಕಿದರೆ ಯಾರು ಬೇಕಾದರೂ ಮಣ್ಣಿನ ತೊಟ್ಟಿಯ ಅಂಚಿನಲ್ಲಿ ಕೂತು ಬರಬಹುದಿತ್ತು. ಹಾಲಿನವರು, ಸೊಪ್ಪಿನವರು, ಸ್ಕೂಲಿನ ಮಕ್ಕಳು ಎಲ್ಲ ಹೀಗೇ ಸೌದೆ ಹಿಡಿದು ಬರುತ್ತಿದ್ದರಂತೆ. ಲಾರಿ ಬಂದ ಮೇಲೆ ರೈಲು ನಿಂತಿತು, ಕಾಂಕ್ರೀಟ್ ತಾರಸಿ ಬಂದ ಮೇಲೆ ಕಾರ್ಖಾನೆಯೂ ನಿಂತಿತು. ಸಾಮಾನೆಲ್ಲ ಹರಾಜಿಗೆ ಬಂತು.

ಹರಾಜಿಗೆ ಬಂದದ್ದು ಎರಡೇ ಎಂಜಿನ್. ಒಂದನೇ ನಂಬರನ್ನು ಬಿಡಿಭಾಗಕ್ಕೆಂದು ಕಾರ್ಖಾನೆಯವರೇ ಎಂದೋ ಬಿಚ್ಚಿಹಾಕಿದ್ದರು. ಮಿಕ್ಕ ಎರಡು ಒಂದೇ ಅಚ್ಚಿನವು. ಹೊರಗಿನಿಂದ ನೋಡಿದರೆ ಚಿಮಣಿಯ ಕೆಳಗೆ ತಿರುಪು ಹಾಕಿ ಕೂರಿಸಿದ್ದ ಹಿತ್ತಾಳೆ ನಂಬರ್ ಪ್ಲೇಟು ಬಿಟ್ಟರೆ ಬೇರೆ ವ್ಯತ್ಯಾಸ ಕಾಣದು. ಕಣ್ಣಿನಲ್ಲಿ ನೋಡಬಹುದು, ಅರ ಹಾಕುವಂತಿಲ್ಲ, ಸುತ್ತಿಗೆ ತಾಗಿಸುವಂತಿಲ್ಲ ಎಂದು ಹರಾಜಿನವರ ನಿಯಮ. ಒಲೆಯ ಬಾಯಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ನಾನು ಬಿಡುವವನಲ್ಲ. ಉಗ್ರಾಣದ ಗುಮಾಸ್ತರನ್ನು ಕಾಫಿಗೆ ಕರೆದುಕೊಂಡು ಹೋಗಿ, ಮೆಲ್ಲಗೆ ಹಳೇ ರಿಜಿಸ್ಟರ್ ತೆಗೆಸಿದೆ. ಎರಡನೇ ನಂಬರಿಗೆ ತಾಮ್ರದ ಒಲೆ, ಮೂರನೇ ನಂಬರಿಗೆ ಉಕ್ಕಿನ ಒಲೆಯ ಹೊಸ ಬಾಯ್ಲರು ಎಂದು ಇಂಕಿನಲ್ಲಿ ಬರೆದಿತ್ತು. ಕಣ್ಣಾರೆ ಓದಿದೆ. ಹರಾಜಿನ ದಿನ ಎರಡನೇ ನಂಬರಿಗೆ ಎಪ್ಪತ್ತೆಂಟರವರೆಗೂ ಹೋದೆ. ನನ್ನ ಜೊತೆ ಸದಾ ಪೈಪೋಟಿಗೆ ನಿಲ್ಲುವ ಬನ್ನಿಮಂಟಪದ ಗುಜರಿ ವ್ಯಾಪಾರಿ ಮೂರನೇದನ್ನು ಬರೀ ಕಬ್ಬಿಣದ ರೇಟಿಗೆ ಹಿಡಿದರು. ಅವರನ್ನು ನೋಡಿ ನನಗೆ ಒಳಗೊಳಗೇ ಕನಿಕರವಾಯಿತು.

ಎಂಜಿನ್ನು ಅಂಗಡಿಗೆ ಬಂದ ಮಾರನೇ ದಿನವೇ ಮೊದಲ ತಪ್ಪು ಮಾಡಿದೆ. ನಮ್ಮ ಕಸುಬಿನಲ್ಲಿ ಒಂದು ಅಭ್ಯಾಸ: ಯಾವ ಯಂತ್ರ ಬಂದರೂ ಮೊದಲು ಹಿತ್ತಾಳೆ ಬಿಚ್ಚಿ ಮಾರಿಬಿಡುವುದು. ಕಬ್ಬಿಣವನ್ನು ಯಾರೂ ಹೊತ್ತೊಯ್ಯುವುದಿಲ್ಲ, ಹಿತ್ತಾಳೆ ಎರಡು ದಿನ ಹೊರಗಿದ್ದರೆ ಕಾಲು ಬರುತ್ತದೆ. ಹಾಗೆ ಸೀಟಿ, ನೀರಿನ ಮಟ್ಟ ತೋರಿಸುವ ಗಾಜಿನ ನಲ್ಲಿಗಳು, ಬಾಯ್ಲರಿಗೆ ನೀರು ನೂಕುವ ಎರಡು ಇಂಜೆಕ್ಟರುಗಳು, ನಂಬರ್ ಪ್ಲೇಟು ಎಲ್ಲ ಗೋಣಿಚೀಲಕ್ಕೆ ಬಿದ್ದವು. ಸಂಜೆಯೊಳಗೆ ಹಿತ್ತಾಳೆ ಎರಕದವನ ಕೈ ಸೇರಿದವು.

ಆಮೇಲೆ ಗ್ಯಾಸ್ ಕಟಿಂಗ್ ಮೇಸ್ತ್ರಿ ಒಲೆಯ ಬಾಯಿಯ ಇಟ್ಟಿಗೆ ಒಡೆದು ಒಳಗೆ ತೂರಿದ. ಮಸಿ ಕೆರೆದು ಅರ ಹಾಕಿದ ಸದ್ದು ಕೇಳಿಸಿತು.

"ಅಣ್ಣಾ, ಬೆಳ್ಳಗದೆ."

"ಇನ್ನೊಂದು ಕಡೆ ಹಾಕು."

"ಮೂರು ಕಡೆ ಆಕ್ದೆ ಕಣಣ್ಣ. ಕೆಂಪಿಲ್ಲ. ಎಲ್ಲಾ ಕಬ್ಬುಣವೇಯಾ."

ನಾನೇ ತೂರಿ ನೋಡಿದೆ. ಉಕ್ಕು. ತಾಮ್ರವಿಲ್ಲದ ಮೇಲೆ ಆ ಎಂಜಿನ್ನಿಗೆ ಐವತ್ತೈದು ಸಾವಿರ ಹುಟ್ಟಿದರೆ ಹೆಚ್ಚು. ಮೂವತ್ತು ಸಾವಿರ ಮುಳುಗಿದಂತೆ, ಅದರ ಜೊತೆ ಜಾಗವೂ. ಮನೆಯಲ್ಲಿ ಹೇಳಿದಾಗ ಹೆಂಡತಿ ಕೂಗಾಡಲಿಲ್ಲ. "ಅದೇ ದುಡ್ಡಿಗೆ ತಾಮ್ರದ ಬಿಂದಿಗೆ ತಂದಿದ್ರೆ ಬೀದಿಗೆಲ್ಲ ಒಂದೊಂದು ಹಂಚ್ಬೋದಿತ್ತು ಕಣ್ರೀ" ಎಂದಳು.

ರಿಜಿಸ್ಟರ್ ಸುಳ್ಳು ಹೇಳಿತೇ ಎಂದು ತಿಳಿಯಲು ಎಂಜಿನ್ ಓಡಿಸಿದವರನ್ನೇ ಹುಡುಕಿದೆ. ಮೂವರು ಡ್ರೈವರುಗಳಲ್ಲಿ ಬದುಕಿದ್ದವರು ಒಬ್ಬರೇ. ಒಂಟಿಕೊಪ್ಪಲಿನಲ್ಲಿ ಮಗಳ ಮನೆಯಲ್ಲಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಖಾಕಿ ಅಂಗಿ.

"ಯಜಮಾನ್ರೇ, ಎರಡನೇ ನಂಬರಿಗೆ ತಾಮ್ರದ ಒಲೆ ಇತ್ತಂತಲ್ಲ?"

"ಇತ್ತು."

"ಈಗಿಲ್ಲವಲ್ಲ!"

"ಎಲ್ಲೋಯ್ತದೆ? ಮೂರನೇ ನಂಬರಲ್ಲದೆ."

ಅವರೇ ಬಿಡಿಸಿ ಹೇಳಿದರು. "ನಂಬರು ಎಂಜಿನ್ನಿಂದಲ್ಲ ಕಣಪ್ಪ, ಡ್ರೈವರಿಂದು. ನಾನು ಎರಡನೇ ನಂಬರ್ ಡ್ರೈವರು. ಹೊಸಾ ಬಾಯ್ಲರಿನ ಎಂಜಿನ್ನು ನಂಗೆ ಕೊಟ್ಟಾಗ ನನ್ನ ಪ್ಲೇಟು ಬಿಚ್ಕೊಂಡು ಬಂದು ಅದಕ್ಕಾಕ್ದೆ. ಅದನ್ನ ಓಡಿಸ್ತಿದ್ದ ಡ್ರೈವರ ಮೂರನೇ ಪ್ಲೇಟು ಹಳೇದಕ್ಕೋಯ್ತು. ಮನೆ ಬದಲಾಯಿಸಿದ್ರೆ ಹೆಸರು ಅಲ್ಲೇ ಬುಟ್ಟು ಬತ್ತೀಯಾ ನೀನು?"

ಮಣ್ಣುರೈಲಿನಲ್ಲಿ ಅದೇ ಪದ್ಧತಿಯಂತೆ. ಆಯುಧಪೂಜೆಗೆ ಪ್ಲೇಟು ಉಜ್ಜುವುದು, ಹಾರ ಹಾಕುವುದು ಎಲ್ಲ ಡ್ರೈವರೇ ಸ್ವಂತ ಕೈಯಲ್ಲಿ. ಪ್ಲೇಟು ಬದಲಾದದ್ದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ರಿಜಿಸ್ಟರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ನಾನು ಎದ್ದು ಹೊರಟೆ. ಅವರು ಬಾಗಿಲವರೆಗೂ ಬಂದು, "ಏನ್ ಮಾಡ್ತೀಯೆ ಈಗ?" ಎಂದರು.

"ಕುಯ್ಯೋದು ಯಜಮಾನ್ರೇ. ಇನ್ನೇನು ಮಾಡಲಿ."

"ಬ್ಯಾಡ ಕಣಪ್ಪ. ಹೊಸಾ ಬಾಯ್ಲರು ಅದು. ಬೆಂಕಿ ಹಾಕಿದ್ರೆ ಇವತ್ತೂ ಓಡ್ತದೆ."

ಓಡುವ ಎಂಜಿನ್ ಯಾರಿಗೆ ಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹರಾಜಿನ ದಿನ ಒಬ್ಬರು ಬಂದಿದ್ದು ನೆನಪಾಯಿತು. ಬೆಂಗಳೂರು ರಸ್ತೆಯಲ್ಲಿ ತೋಟದ ಹೋಟೆಲು ಇಟ್ಟವರು, ಗೇಟಿನಲ್ಲಿ ನಿಲ್ಲಿಸೋಕೊಂದು ಎಂಜಿನ್ ಸಿಕ್ಕೀತೇ ಎಂದು ವಿಚಾರಿಸಿದ್ದರು. ಹೋಗಿ ಕೇಳಿದೆ. "ಬರೀ ನಿಲ್ಸೋಕಾದ್ರೆ ಅರವತ್ತು ಕೊಡ್ತೀನಿ. ಓಡಿ, ಮಕ್ಕಳನ್ನ ತೋಟ ಸುತ್ತಿಸೋ ಹಾಗಿದ್ರೆ ಎರಡು ಹತ್ತು. ಆದ್ರೆ ಬಾಯ್ಲರ್ ಇನ್‌ಸ್ಪೆಕ್ಟರ ಸರ್ಟಿಫಿಕೇಟ್ ಕೈಗೆ ಬರಬೇಕು, ಮೇ ತಿಂಗಳು ಶುರುವಾಗೋಕೆ ಮುಂಚೆ" ಎಂದರು. ಅರವತ್ತಕ್ಕೂ ಎರಡು ಲಕ್ಷದ ಹತ್ತು ಸಾವಿರಕ್ಕೂ ನಡುವೆ ಇದ್ದದ್ದು ಉಗಿ ಒಂದೇ. ಕುಯ್ಯುವುದನ್ನು ನಿಲ್ಲಿಸಿದೆ.

ಡ್ರೈವರಿಗೆ ದಿನಗೂಲಿ ಗೊತ್ತುಮಾಡಿದೆ. ಅವರು ಮೊದಲ ದಿನ ಬಂದವರೇ ಎಂಜಿನ್ ಸುತ್ತ ಒಂದು ಸುತ್ತು ಬಂದು, ಬೋಳಾಗಿದ್ದ ನಲ್ಲಿಯ ತೂತುಗಳನ್ನು ಬೆರಳಲ್ಲಿ ಮುಟ್ಟಿ, "ಮೂಗು, ಕಿವಿ ಕುಯ್ದು ಮಾರ್ಕೊಂಡು, ಈಗ ಮದುವೆ ಮಾಡ್ತೀನಿ ಅಂತೀಯ" ಎಂದರು. ಎರಕದವನ ಹತ್ತಿರ ಓಡಿದೆ. ಸೀಟಿ, ಗಾಜಿನ ನಲ್ಲಿ ಸಿಕ್ಕವು, ನಾನು ಮಾರಿದ ಬೆಲೆಗೆ ಮೂರು ಪಟ್ಟು ಕೊಟ್ಟು ತಂದೆ. ಇಂಜೆಕ್ಟರುಗಳು ಆಗಲೇ ಕರಗಿ ದೇವಸ್ಥಾನದ ಗಂಟೆಯಾಗಿದ್ದವು. ಕೊನೆಗೆ ಒಂದು ಹಳೇ ಅಕ್ಕಿ ಗಿರಣಿಯ ಬಾಯ್ಲರಿನಿಂದ ಜೋಡಿ ಇಂಜೆಕ್ಟರು ಬಿಚ್ಚಿಸಿ ತಂದು, ಪೈಪು ಬಗ್ಗಿಸಿ ಕೂರಿಸಿದೆವು.

ಮುಂದಿನ ಅಡ್ಡಿ ಕಾಗದದ್ದು. ಪ್ರತಿ ಬಾಯ್ಲರಿಗೂ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಬಾಯ್ಲರಿನ ಮೈಮೇಲೇ ಉಳಿಯಲ್ಲಿ ಹೊಡೆದಿರುತ್ತಾರೆ. ಅದೇ ಸಂಖ್ಯೆಯ ಪುಸ್ತಕ ತೋರಿಸದಿದ್ದರೆ ಇನ್‌ಸ್ಪೆಕ್ಟರು ಬಾಯ್ಲರಿನ ಹತ್ತಿರವೂ ಬರುವುದಿಲ್ಲ. ನಮ್ಮ ಎಂಜಿನ್ನಿನ ಮೈಮೇಲೆ ಸಂಖ್ಯೆ ಕಾಣಲಿಲ್ಲ. ವರ್ಷಕ್ಕೊಂದು ಆಯುಧಪೂಜೆ, ಪೂಜೆಗೊಂದು ಕೋಟು ಬಣ್ಣ. ಕೆರೆಯುತ್ತಾ ಹೋದರೆ ಕಪ್ಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಇಟ್ಟಿಗೆ ಕೆಂಪು, ಮತ್ತೆ ಕಪ್ಪು. ಯಾವ ಮ್ಯಾನೇಜರ ಕಾಲದಲ್ಲಿ ಯಾವ ಬಣ್ಣ ಎಂದು ಡ್ರೈವರು ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಎರಡು ದಿನ ಕೆರೆದ ಮೇಲೆ ಅಂಕಿ ಕಣ್ಣಿಗೆ ಬಿತ್ತು. ಹರಾಜಿನಲ್ಲಿ ನನಗೆ ಕೊಟ್ಟ ಪುಸ್ತಕದ ಅಂಕಿ ಬೇರೆ. ಪ್ಲೇಟು ನೋಡಿ ಕಾಗದ ಹಂಚಿದ್ದರಿಂದ ನನ್ನ ಬಾಯ್ಲರಿನ ಪುಸ್ತಕ ಬನ್ನಿಮಂಟಪದವರ ಪಾಲಾಗಿತ್ತು.

ಇಲ್ಲಿ ನನ್ನ ಜಾಣತನದ ಬಗ್ಗೆ ಒಂದು ಮಾತು ಹೇಳಬೇಕು. ಬೇಕಾದ ವಸ್ತುವಿನ ಹೆಸರು ಎತ್ತಿದರೆ ಅದರ ಬೆಲೆ ಏರುತ್ತದೆ. ಹಾಗಾಗಿ ಪುಸ್ತಕದ ಸುದ್ದಿ ಎತ್ತದೆ, ರದ್ದಿ ಕಾಗದ ಕೊಳ್ಳಲು ಬಂದವನಂತೆ ಅವರ ಅಂಗಡಿಗೆ ಹೋದೆ.

"ಬನ್ರೀ ಬನ್ರೀ. ಏನ್ ಸಮಾಚಾರ, ಕಬ್ಬಿಣದವರು ಕಾಗದಕ್ಕಿಳಿದ್ರಾ?"

"ಕೇಳೋರಿದಾರೆ. ಕಾರ್ಖಾನೆ ಹಳೇ ರದ್ದಿ ಇದ್ರೆ ಮೂಟೆ ಲೆಕ್ಕದಲ್ಲಿ ತಗೋತೀನಿ."

"ಕಾರ್ಖಾನೆದೇ ಯಾಕೆ? ನಿನ್ನೆ ಪೇಪರಿದೆ, ಪಠ್ಯಪುಸ್ತಕ ಇದೆ, ಲಗ್ನಪತ್ರಿಕೆ ಇದೆ."

"ಹಳೇ ಕಾಗದ ಗಟ್ಟಿ ಇರುತ್ತೆ ಅಂತ."

ಅವರು ಎದ್ದು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ರಟ್ಟಿನ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಇದಷ್ಟು ಗಟ್ಟಿ ಸಾಕಾ?"

ನನ್ನದೇ ಪುಸ್ತಕ. ಅವರು ಎಂಜಿನ್ ಕುಯ್ದಾಗಲೇ ತಾಮ್ರ ಕಂಡು, ಇದು ಎಲ್ಲಿಂದ ಬಂತೆಂದು ವಿಚಾರಿಸಿ, ಎಲ್ಲ ತಿಳಿದುಕೊಂಡಿದ್ದರು. ನಾನು ಬರುವುದನ್ನೇ ಕಾಯುತ್ತಿದ್ದರು. ಇನ್ನು ಐದು ಸಾವಿರವೋ ಹತ್ತೋ ಎಂದು ಮನಸ್ಸಿನಲ್ಲಿ ಸಿದ್ಧವಾದೆ. ಅವರು ಪುಸ್ತಕವನ್ನು ತಕ್ಕಡಿಗೆ ಹಾಕಿ, ಕಲ್ಲಿಟ್ಟು ತೂಗಿದರು.

"ಮುನ್ನೂರು ಗ್ರಾಂ. ರದ್ದಿ ರೇಟು. ಒಂದು ರೂಪಾಯಿ ಕೊಡಿ."

"ತಮಾಷೆ ಮಾಡ್ತೀರಾ?"

"ಯಾಕ್ರೀ ತಮಾಷೆ. ನಿಮ್ಮ ತಾಮ್ರ ತಿಂದಿದೀನಿ. ಮೇಲೆ ಕಾಗದಕ್ಕೂ ಕಾಸು ಕಿತ್ರೆ ಅರಗಲ್ಲ. ಇನ್ನೊಂದ್ಸಲ ಬೇಕಾದ್ದು ಬೇಕು ಅಂತ ಕೇಳ್ರಪ್ಪ, ಮೂಟೆ ಹೊರೋದು ತಪ್ಪುತ್ತೆ."

ಒಂದು ರೂಪಾಯಿ ಕೊಟ್ಟು ಬಂದೆ. ಹತ್ತು ಸಾವಿರ ಕೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮುಂದಿನ ಐದು ವಾರ ಕೆಲಸ. ಬಾಯ್ಲರಿನ ಒಳಗೆ ಒಲೆಯ ಹೊಗೆ ಹಾದುಹೋಗುವ ಕೊಳವೆಗಳಿರುತ್ತವೆ, ಸುತ್ತ ನೀರು. ಕೊಳವೆಗಳಿಗೆಲ್ಲ ಬ್ರಷ್ ಹಾಕಿ ಮಸಿ ತೆಗೆದೆವು. ತೂತು ಬಿದ್ದಿದ್ದ ಒಂಬತ್ತನ್ನು ಬದಲಾಯಿಸಿದೆವು. ತಳದಲ್ಲಿ ಕೂತ ಕೆಸರನ್ನು ಬಕೆಟ್ಟು ಬಕೆಟ್ಟಾಗಿ ಹೊರಹಾಕಿದೆವು. ಒಲೆಯ ತಲೆಯ ಮೇಲಿನ ಸೀಸದ ಗುಂಡಿಗೆ ಹೊಸ ಸೀಸ ಹುಯ್ಯಿಸಿದೆವು. ನೀರು ಇಳಿದು ಒಲೆ ಕಾದರೆ ಆ ಸೀಸ ಕರಗಿ ಉಗಿ ಬಂದು ಬೆಂಕಿ ಆರಿಸುತ್ತದೆ, ಡ್ರೈವರು ನಿದ್ದೆ ಹೋದರೂ ಅದು ಹೋಗುವುದಿಲ್ಲ. ಕಡೆಗೆ ನಾವೇ ಒಂದು ಪರೀಕ್ಷೆ ಮಾಡಿಕೊಂಡೆವು. ಬಾಯ್ಲರಿಗೆ ಕಂಠಮಟ್ಟ ತಣ್ಣೀರು ತುಂಬಿ, ಒಳಗಿನ ಗಾಳಿ ಹೊರಬಿಟ್ಟು, ಕೈಪಂಪಿನಲ್ಲಿ ಒತ್ತಡ ಏರಿಸುವುದು. ಓಡುವಾಗಿನ ಒತ್ತಡ ನೂರಿಪ್ಪತ್ತು ಪೌಂಡ್ ಆದ್ದರಿಂದ ಅದರ ಒಂದೂವರೆ ಪಟ್ಟು, ನೂರೆಂಬತ್ತಕ್ಕೆ ಏರಿಸಿದೆವು. ಎರಡು ಕೊಳವೆಯ ಬುಡದಲ್ಲಿ ಬೆವರಿದಂತೆ ನೀರು ಬಂತು, ಬಿಗಿ ಮಾಡಿದೆವು. ಮತ್ತೆ ಏರಿಸಿದಾಗ ಮುಳ್ಳು ಅರ್ಧ ಗಂಟೆ ಅಲುಗಲಿಲ್ಲ. ಇನ್‌ಸ್ಪೆಕ್ಟರು ಗುರುವಾರಕ್ಕೆ ದಿನ ಕೊಟ್ಟರು. ಯುಗಾದಿಗೆ ಇನ್ನೂ ಹದಿನೈದು ದಿನ ಇತ್ತು.

ಬುಧವಾರ ಬೆಳಿಗ್ಗೆ ಡ್ರೈವರು ಬಂದರು. ಕಾಫಿ ಕೊಟ್ಟರೆ ಕುಡಿಯಲಿಲ್ಲ, ಲೋಟ ಹಿಡಿದೇ ಕೂತಿದ್ದರು.

"ಒಂದು ಮಾತದೆ ಕಣಪ್ಪ."

"ಹೇಳಿ ಯಜಮಾನ್ರೇ. ಕೂಲಿ ವಿಷಯವಾ?"

"ಕೂಲಿಯಲ್ಲ. ಸ್ಟೇ ಮುರಿದವೆ."

ಸ್ಟೇ ಎಂದರೆ ಒಲೆಯ ಗೋಡೆಗೂ ಹೊರಗಿನ ಗೋಡೆಗೂ ನಡುವೆ ಹಾಕಿದ ಗೂಟದಂಥ ಬೋಲ್ಟು. ಎರಡು ಗೋಡೆಯ ಮಧ್ಯೆ ನೀರು, ಆ ನೀರಿನಲ್ಲಿ ಒತ್ತಡ. ಗೋಡೆಗಳು ಉಬ್ಬಿ ಒಡೆಯದ ಹಾಗೆ ಸಾಲುಸಾಲು ಸ್ಟೇಗಳು ಹಿಡಿದುಕೊಂಡಿರುತ್ತವೆ. ಒಳಗೆ ಮುರಿದರೆ ಹೊರಗೆ ತಿಳಿಯಲಿ ಎಂದು ಪ್ರತಿಯೊಂದರ ತಲೆಯಲ್ಲೂ ಸಣ್ಣ ತೂತು ಕೊರೆದಿರುತ್ತಾರೆ. ಮುರಿದ ಕೂಡಲೇ ಆ ತೂತಿನಿಂದ ನೀರು ಚಿಮ್ಮುತ್ತದೆ.

"ಎಲ್ಲೂ ನೀರು ಬರಲಿಲ್ಲವಲ್ಲ?"

"ಎಂಗ್ ಬತ್ತದೆ? ತೂತಿಗೆ ಮೊಳೆ ಹೊಡೆದದೆ." ಲೋಟ ಕೆಳಗಿಟ್ಟರು. "ಹೊಡೆದೋನು ನಾನೇ. ಕಡೇ ವರ್ಷ. ಎಂಜಿನ್ ನಿಂತ್ರೆ ರೈಲು ನಿಲ್ಲಿಸ್ಬುಡ್ತೀವಿ ಅಂತ ಮ್ಯಾನೇಜರು ಕಾಯ್ತಾ ಕೂತಿದ್ರು. ಒತ್ತಡ ಇಳಿಸಿ ಓಡಿಸ್ಕೊಂಡು ಕಾಲ ತಳ್ಳಿದೆ."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕುಯ್ದುಬುಡ್ತಿದ್ದೆ ನೀನು."

ಅದು ನಿಜ. "ತಣ್ಣೀರಲ್ಲಿ ನಿಂತಿತಲ್ಲ, ಉಗಿಯಲ್ಲೂ ನಿಲ್ಲಲ್ವಾ?" ಎಂದು ಕೇಳಿದೆ.

"ತಣ್ಣೀರು ಬೇರೆ, ಬೆಂಕಿ ಮೇಲೆ ಕೂತ ನೀರು ಬೇರೆ. ಒಂದ್ ದಿನ ನಿಲ್ತದೆ, ಒಂದ್ ತಿಂಗಳೂ ನಿಂತಾತು. ಆಮೇಲೆ ಒಂದು ಭಾನುವಾರ ಮಕ್ಕಳು ಕೂತಿರ್ತವೆ."

ಇನ್‌ಸ್ಪೆಕ್ಟರು ಪ್ರತಿ ಸ್ಟೇಯನ್ನೂ ಸುತ್ತಿಗೆಯಲ್ಲಿ ತಟ್ಟಿ ನೋಡುತ್ತಾರೆ. ಮುರಿದದ್ದು ಮಂಕಾಗಿ ಸದ್ದು ಮಾಡುತ್ತದಂತೆ. ಅವರಿಗೆ ಸಿಕ್ಕರೆ ಹೇಗಿದ್ದರೂ ಕೆಲಸ ನಿಲ್ಲುತ್ತದೆ, ಸಿಗದಿದ್ದರೆ ಯುಗಾದಿಯೊಳಗೆ ಎರಡು ಲಕ್ಷದ ಹತ್ತು ಸಾವಿರ ಕೈಯಲ್ಲಿ. ಈಗ ಬಿಚ್ಚಿದರೆ ಕಡಿಮೆಯೆಂದರೂ ಮೂರು ವಾರ, ಇನ್‌ಸ್ಪೆಕ್ಟರ ಹೊಸ ದಿನ ಯಾವಾಗಲೋ, ಜಾಗ ಕೈ ತಪ್ಪುವುದು ಹೆಚ್ಚುಕಡಿಮೆ ಖಾತ್ರಿ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ನಾನು ಎರಡೂ ಕಡೆ ತೂಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ಧರ್ಮದ ಮಾತು ಆಮೇಲೆ ಬಂತು. ಮೊದಲು ಹೊಳೆದದ್ದು ವ್ಯಾಪಾರದ ಮಾತೇ: ಮೊಳೆ ಹೊಡೆದವನು ಅವರಾದರೂ, ಇವತ್ತು ಗೊತ್ತಾದ ಮೇಲೆ ಮಾರುವವನು ನಾನು. ಆ ಎಂಜಿನ್ನು ಬೆಂಗಳೂರು ರಸ್ತೆಯಲ್ಲಿ ಓಡುವಷ್ಟು ದಿನವೂ ಭಾನುವಾರ ಬಂದರೆ ನಾನು ಊಟಕ್ಕೆ ಕೂರಲಾರೆ. ಅಂಥ ವ್ಯಾಪಾರ ಗಿಟ್ಟುವುದಿಲ್ಲ.

"ಎಷ್ಟು ಮೊಳೆ?" ಎಂದು ಕೇಳಿದೆ.

"ಏಳು."

ಇನ್‌ಸ್ಪೆಕ್ಟರ ಕಚೇರಿಗೆ ಹೋಗಿ ದಿನ ಮುಂದಕ್ಕೆ ಹಾಕಿಸಿದೆ. ಅಲ್ಲಿಂದ ನೇರ ಸರಸ್ವತಿಪುರಂ. ಮೇಷ್ಟ್ರು ವರಾಂಡದಲ್ಲಿ ಪೇಪರ್ ಓದುತ್ತಿದ್ದರು.

"ಸಾರ್, ಯುಗಾದಿ ಆದ್ಮೇಲೆ ಒಂದು ತಿಂಗಳು ಟೈಮ್ ಕೊಡಿ. ಬೇಕಾದ್ರೆ ಮೇಲೆ ಐದು ಸಾವಿರ ಸೇರಿಸ್ತೀನಿ."

"ನಾನು ಕಾಯ್ತೀನಪ್ಪ, ನನ್ನ ಮಗಳ ಮದುವೆ ಕಾಯುತ್ತಾ? ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ." ಕನ್ನಡಕ ತೆಗೆದು ಒರೆಸಿದರು. "ಒಂದು ಕೆಲಸ ಮಾಡೋಣ. ಮಾರ್ಬಲ್ ಅಂಗಡಿಯವರು ರಸ್ತೆ ಕಡೆ ಅರ್ಧ ಕೇಳ್ತಿದಾರೆ, ಅದನ್ನ ಅವರಿಗೆ ಕೊಟ್ಬಿಡ್ತೀನಿ. ಹಿಂದಿನ ಅರ್ಧ ನಿಮಗೆ ಇಟ್ಟಿರ್ತೀನಿ, ಜೂನ್ ತನಕ. ಐದು ಸಾವಿರ ಏನೂ ಬೇಡ."

"ಸಾರ್, ಹಿಂದಿನ ಅರ್ಧಕ್ಕೆ ಲಾರಿ ಹೇಗೆ ಬರುತ್ತೆ?"

"ಎಂಟಡಿ ದಾರಿ ಬಿಡಿಸ್ತೀನಿ. ಟೆಂಪೋ ಬರುತ್ತಲ್ಲ?"

ಎಂಟನ್ನು ಹತ್ತಡಿ ಮಾಡಿಸಲು ಮುಕ್ಕಾಲು ಗಂಟೆ ಹೆಣಗಿದೆ. ಮೂವತ್ತು ವರ್ಷ ಕ್ಲಾಸು ತೆಗೆದುಕೊಂಡವರು ಅವರು, ಬಗ್ಗಲಿಲ್ಲ. ಎಂಟಕ್ಕೇ ಒಪ್ಪಿದೆ.

ಅಂಗಡಿಗೆ ಬಂದು ಮೊಳೆ ಹುಡುಕಲು ಶುರುಮಾಡಿದೆವು. ಬಣ್ಣ ಕೆರೆದು, ಒಂದೊಂದೇ ಸ್ಟೇಯ ತಲೆ ಉಜ್ಜಿ, ಆರು ಸಿಕ್ಕವು. ಏಳನೆಯದು ಇಲ್ಲ. ಲೆಕ್ಕ ತಪ್ಪಿರಬೇಕು, ಹತ್ತು ವರ್ಷದ ಮಾತು ಎಂದು ಮೇಸ್ತ್ರಿ ಹೇಳಿದ. ಡ್ರೈವರು ಅವನತ್ತ ತಿರುಗಿದರು. "ಏಳು ಅಂದ್ರೆ ಏಳು ಕಣಯ್ಯ. ನಾನ್ ಓಡಿಸ್ತಿದ್ದಷ್ಟು ದಿನವೂ ದಿನಾ ಎಣಿಸ್ತಿದ್ದೆ." ಎಡಗಡೆ ಸೌದೆ ಪೆಟ್ಟಿಗೆ ಹಿಡಿದಿದ್ದ ಕೊಕ್ಕೆಯನ್ನು ಬಿಚ್ಚಿಸಿದರು. ಅದರ ಹಿಂದೆ ಇತ್ತು.

ಏಳರಲ್ಲಿ ನಾಲ್ಕು ಒಂದರ ಪಕ್ಕ ಒಂದು, ಅಷ್ಟಗಲ ಗೋಡೆಯನ್ನು ಹಿಡಿದುಕೊಳ್ಳಲು ಏನೂ ಇರಲಿಲ್ಲ. ಕೊರೆದು ತೆಗೆದು, ತೂತಿಗೆ ಹೊಸ ತಿರುಪಿನ ಗೆರೆ ಕೊಯ್ದು, ಲೇತಿನಲ್ಲಿ ತಿರುವಿಸಿದ ಹೊಸ ಸ್ಟೇ ಬಿಗಿದು, ಎರಡು ಕಡೆಯೂ ತಲೆ ಬಡಿದೆವು. ಲೇತಿನವರು ಮೊದಲು ಸ್ಟೇಗಳ ತಲೆಗೆ ತೂತು ಕೊರೆಯದೆಯೇ ಕಳಿಸಿದ್ದರು. ಡ್ರೈವರು ವಾಪಸು ಕಳಿಸಿ ಕೊರೆಸಿದರು. ಅದರಿಂದ ಇನ್ನೊಂದು ವಾರ ಹೋಯಿತು. ಯುಗಾದಿಯ ದಿನ ಮಾರ್ಬಲ್ಲಿನವರು ನನ್ನ ಅಂಗಡಿಯ ಮುಂಭಾಗದಲ್ಲಿ ಅಳತೆಯ ದಾರ ಕಟ್ಟುತ್ತಿದ್ದರು. ನಾವು ಹಿಂದೆ ಸ್ಟೇ ಬಡಿಯುತ್ತಿದ್ದೆವು.

ಇನ್‌ಸ್ಪೆಕ್ಟರು ಏಪ್ರಿಲ್ ಮೂರನೇ ವಾರ ಬಂದರು. ಮಾತು ಕಡಿಮೆ. ಸಂಖ್ಯೆ ನೋಡಿದರು, ಪುಸ್ತಕ ನೋಡಿದರು, ಸಣ್ಣ ಸುತ್ತಿಗೆಯಲ್ಲಿ ಒಂದೊಂದೇ ತಟ್ಟುತ್ತಾ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಬಂದವರು ಹೊಸ ಸ್ಟೇಗಳ ಹತ್ತಿರ ನಿಂತರು.

"ಈ ಏಳು ಯಾಕೆ ಹೊಸದು?"

"ಮುರಿದಿತ್ತು ಸಾರ್."

"ಹೇಗೆ ಗೊತ್ತಾಯ್ತು?"

ಡ್ರೈವರು ಇಂಜೆಕ್ಟರಿನ ಪೈಪನ್ನು ಬಟ್ಟೆಯಲ್ಲಿ ಒರೆಸುತ್ತಾ ನಿಂತಿದ್ದರು. ಮೊದಲೇ ಒರೆಸಿ ಆಗಿತ್ತು.

"ತೂತಲ್ಲಿ ಮೊಳೆ ಇತ್ತು ಸಾರ್, ತೆಗೆಸಿದೆ" ಎಂದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಡ್ರೈವರನ್ನು ನೋಡಿ, ಬರೆದುಕೊಂಡು ಮುಂದಿನ ಸಾಲಿಗೆ ಹೋದರು.

ನೀರಿನ ಪರೀಕ್ಷೆ ಮುಗಿದ ಮೇಲೆ ಉಗಿಯ ಪರೀಕ್ಷೆ. ಮಾರನೇ ಬೆಳಿಗ್ಗೆ ಆರಕ್ಕೆ ಡ್ರೈವರು ಬೆಂಕಿ ಹಾಕಿ, ಆತುರಪಡದೆ, ನಾಲ್ಕು ಗಂಟೆ ಹೊತ್ತು ಒತ್ತಡ ಏರಿಸಿದರು. ಕಾದ ಹಳೇ ಬಣ್ಣದ ವಾಸನೆ ಬೀದಿಗೆಲ್ಲ ಹರಡಿತು. ಹೇಳಿದ ಒತ್ತಡಕ್ಕೆ ಮುಳ್ಳು ಬಂದಾಗ ಸೇಫ್ಟಿ ವಾಲ್ವು ಸರಿಯಾಗಿ ತೆರೆದು ಉಗಿ ಬಿಟ್ಟಿತು. ಅಂಗಡಿಯೊಳಗೆ ನಲವತ್ತಡಿ ಹಳಿ ಹಾಸಿದ್ದೆ. ಡ್ರೈವರು ಆ ನಲವತ್ತಡಿ ಮುಂದೆ ಹೋಗಿ, ಹಿಂದೆ ಬಂದು, ಬ್ರೇಕು ತಿರುವಿ ಇಳಿದರು. ಪಕ್ಕದ ಮನೆಯವರು ಗೋಡೆ ಹತ್ತಿ ನೋಡುತ್ತಿದ್ದರು. ನನ್ನ ಹೆಂಡತಿಯೂ ಬಂದಿದ್ದಳು. "ಬಿಂದಿಗೆ ಇಷ್ಟು ಶಬ್ದ ಮಾಡ್ತಿರ್ಲಿಲ್ಲ ಬುಡಿ" ಎಂದಳು.

ಹಳೇ ಬಾಯ್ಲರೆಂದು ಇನ್‌ಸ್ಪೆಕ್ಟರು ಒತ್ತಡವನ್ನು ನೂರಕ್ಕೆ ಇಳಿಸಿ ಸರ್ಟಿಫಿಕೇಟು ಕೊಟ್ಟರು. ಹೋಟೆಲಿನವರು ಅದನ್ನೇ ಹಿಡಿದುಕೊಂಡರು. "ನೂರಿಪ್ಪತ್ತು ಅಂದಿದ್ರಿ, ನೂರು ಕೊಟ್ರಿ." ಇಪ್ಪತ್ತು ಪೌಂಡ್ ಉಗಿಗೆ ಹದಿನೈದು ಸಾವಿರ ಕಡಿತ. ಒಂದು ಲಕ್ಷದ ತೊಂಬತ್ತೈದಕ್ಕೆ ಮುಗಿಸಿದೆ. ಮುಂದೆ ಏಳೆಂಟು ವರ್ಷ ಅದು ಆ ತೋಟದಲ್ಲಿ ಮಕ್ಕಳನ್ನು ಸುತ್ತಿಸಿತು. ಮೊದಲ ಎರಡು ವರ್ಷ ಓಡಿಸಿದ್ದು ಅದೇ ಡ್ರೈವರು. ದಿನಾ ಬೆಳಿಗ್ಗೆ ಬೆಂಕಿ ಹಾಕುವ ಮುಂಚೆ ಸ್ಟೇಗಳ ತಲೆಗಳನ್ನು ಬೆರಳಲ್ಲಿ ಮುಟ್ಟಿಕೊಂಡು ಬರುತ್ತಿದ್ದರೆಂದು ಹೋಟೆಲಿನವರು ಹೇಳುತ್ತಿದ್ದರು. ಜಾಗದ ಹಿಂದಿನ ಅರ್ಧ ನನ್ನ ಹೆಸರಿಗಾಯಿತು. ಲಾರಿ ಒಳಗೆ ಬರುವುದಿಲ್ಲ. ಮಾರ್ಬಲ್ ಅಂಗಡಿಯ ಪಕ್ಕದ ಎಂಟಡಿ ದಾರಿಯಲ್ಲಿ ಇವತ್ತಿಗೂ ಟೆಂಪೋದಲ್ಲಿ ಎರಡೆರಡು ಸಲ ಹೊರುತ್ತೇನೆ. ದೊಡ್ಡ ಯಂತ್ರಗಳ ವ್ಯಾಪಾರ ಅಲ್ಲಿಗೇ ನಿಂತಿತು.

ನೀವು ಎಂದಾದರೂ ಹಳೇ ಬಾಯ್ಲರು ಕೊಳ್ಳುವವರಾದರೆ, ಅಕ್ಕಿ ಗಿರಣಿಯದಾಗಲಿ ಡೈರಿಯದಾಗಲಿ, ತಿರುಪಿನಲ್ಲಿ ಕೂರಿಸಿದ ಪ್ಲೇಟನ್ನು ನಂಬಬೇಡಿ, ಮೈಮೇಲೆ ಹೊಡೆದ ಅಂಕಿ ಕಾಣುವವರೆಗೂ ಬಣ್ಣ ಕೆರೆಯಿರಿ. ಕೆರೆಯಲು ಬಿಡದಿದ್ದರೆ ಕಬ್ಬಿಣದ ರೇಟಿಗಿಂತ ಒಂದು ಕಾಸು ಮೇಲೆ ಹೋಗಬೇಡಿ. ಪುಸ್ತಕ ಕೈಗೆ ಬಂದು ಅಂಕಿ ತಾಳೆಯಾಗುವ ತನಕ ಲಾರಿ ಕರೆಸಬೇಡಿ. ಇಡಿಯಾಗಿ ಕೊಳ್ಳುವವರು ಇಲ್ಲವೆಂದು ಖಾತ್ರಿಯಾಗದೆ ಹಿತ್ತಾಳೆ ಬಿಚ್ಚಬೇಡಿ. ಯಂತ್ರ ನಡೆಸಿದವರನ್ನು ಕೊಳ್ಳುವ ಮುಂಚೆಯೇ ಹುಡುಕಿ. ನಾನು ಕೊಂಡ ಮೇಲೆ ಹುಡುಕಿದೆ. ಸ್ಟೇಗಳ ತೂತಿಗೆಲ್ಲ ತಂತಿ ತೂರಿಸಿ ನೋಡಿ. ತಂತಿ ಹೋಗದ ಕಡೆ ಮೊಳೆಯಿದೆ ಎಂದೇ ತಿಳಿಯಿರಿ. ಆಗ ಹಳಬರನ್ನು ಕೂರಿಸಿಕೊಂಡು, ಹೊಡೆದದ್ದು ಯಾರು ಎಂದು ಕೇಳಬೇಡಿ. ಅದಕ್ಕೆ ಎಲ್ಲಿಯೂ ಉತ್ತರ ಸಿಗುವುದಿಲ್ಲ. ಎಷ್ಟು ಹೊಡೆದಿದೆ ಎಂದು ಕೇಳಿ. ಹೊಡೆದವರಿಗೆ ಆ ಲೆಕ್ಕ ಒಂದೂ ಮರೆತಿರುವುದಿಲ್ಲ.